ಯಾರಿಗೆ ಎಷ್ಟು ಕಾಣಬೇಕು

ಹೊಲಿಗೆ ಟೀಚರ್ ಆಫೀಸಿಗೆ ಬಂದದ್ದು ಜಗಳ ಆಡುವುದಕ್ಕಲ್ಲ. ಕೌಂಟರಿನ ಮುಂದೆ ನಿಂತು, ಕೈಚೀಲವನ್ನು ಎದೆಗೆ ಒತ್ತಿಕೊಂಡು, “ನನ್ನ ಇಂಟರ್ನೆಟ್ ಕನೆಕ್ಷನ್ ತೆಗೆದುಬಿಡಿ” ಎಂದಷ್ಟೇ ಹೇಳಿದರು.

ಕೌಂಟರಿನಲ್ಲಿದ್ದವನನ್ನು ಎಲ್ಲರೂ ಮೀಸೆ ಅನ್ನುತ್ತಿದ್ದರು. ಅವನ ಮುಖದಲ್ಲಿ ಮೊದಲು ಕಣ್ಣಿಗೆ ಬೀಳುತ್ತಿದ್ದದ್ದೇ ಅದು. ಅವನು ಪರದೆಯ ಮೇಲೆ ಆಕೆಯ ಖಾತೆ ತೆರೆದು, “ಈಗ ತಾನೇ ಹೊಸ ಮನೆಗೆ ಶಿಫ್ಟ್ ಮಾಡಿಸ್ಕೊಂಡಿದೀರಲ್ಲ ಮೇಡಂ, ಸ್ಪೀಡ್ ಸರಿ ಬರ್ತಿಲ್ವಾ?” ಎಂದು ಕೇಳಿದ.

“ಸ್ಪೀಡ್ ಚೆನ್ನಾಗೇ ಇದೆ. ಆ ಮನೆ ಬಿಡ್ತಾ ಇದೀನಿ.”

“ಹಾಗಾದ್ರೆ ಹೊಸ ವಿಳಾಸ ಹೇಳಿ, ಅಲ್ಲಿಗೇ ಶಿಫ್ಟ್ ಮಾಡ್ಸೋಣ.”

“ಅದನ್ನ ಮಾತ್ರ ನಿಮಗೆ ಹೇಳಲ್ಲ,” ಎಂದರು ಟೀಚರ್.

ದನಿಯಲ್ಲಿ ಸಿಟ್ಟಿರಲಿಲ್ಲ. ಆದರೂ ಪಕ್ಕದ ಮೇಜಿನ ಕೆಳಗೆ ಕೂತು ಸಿಕ್ಕು ಬಿದ್ದ ವೈರುಗಳನ್ನು ಬಿಡಿಸುತ್ತಿದ್ದ ಗುಬ್ಬಿ ಕೈ ನಿಲ್ಲಿಸಿದಳು.

ಗುಬ್ಬಿಯ ಕೆಲಸ ಆ ಇಂಟರ್ನೆಟ್ ಕಂಪನಿಯ ಡೇಟಾಬೇಸ್ ನೋಡಿಕೊಳ್ಳುವುದು. ಗ್ರಾಹಕರ ಹೆಸರು, ವಿಳಾಸ, ಫೋನ್ ನಂಬರು, ಬಿಲ್ಲು ಎಲ್ಲವನ್ನೂ ಕೂಡಿಟ್ಟ ಉಗ್ರಾಣ ಅದು. ಅವಳು ಅದರ ಉಸ್ತುವಾರಿ. ಗುಬ್ಬಿ ಅನ್ನುವುದು ಮನೆಯಲ್ಲಿ ಕರೆಯುವ ಹೆಸರು. ಅವಳ ತಾಯಿಯ ಅಕ್ಕ ಇದೇ ಆಫೀಸಿನ ಕೌಂಟರ್ ವಿಭಾಗದಲ್ಲಿ ಹಿರಿಯಳು. ಗುಬ್ಬಿ ಕೆಲಸಕ್ಕೆ ಸೇರಿದ ದಿನ ಆಕೆ ಎಲ್ಲರೆದುರು “ಗುಬ್ಬೀ, ಊಟದ ಡಬ್ಬಿ ಮರೆತು ಬಂದಿದೀಯ ನೋಡು” ಎಂದು ಕೂಗಿ ಆ ಹೆಸರನ್ನು ಕಾಯಂ ಮಾಡಿಬಿಟ್ಟಿದ್ದಳು. ಲೆಕ್ಕ ಸಮ ಮಾಡುವವರಂತೆ ಆಫೀಸಿನವರೆಲ್ಲ ಆಕೆಯನ್ನೂ ದೊಡ್ಡಮ್ಮ ಎಂದೇ ಕರೆಯತೊಡಗಿದರು. ಸ್ವತಃ ಮ್ಯಾನೇಜರೂ ಹಾಗೇ ಕರೆಯುತ್ತಿದ್ದರು. ಅಂದು ದೊಡ್ಡಮ್ಮನಿಗೆ ವಾರದ ರಜೆ.

ಟೀಚರ್ ಹೊರಟಾಗ ಗುಬ್ಬಿ ಹಿಂದೆಯೇ ಹೋಗಿ ಮೆಟ್ಟಿಲ ಬಳಿ ಹಿಡಿದಳು. “ಒಂದು ನಿಮಿಷ ಮೇಡಂ. ನಮ್ಮಿಂದ ಏನಾಯ್ತು ಅಂತ ಹೇಳ್ಬಹುದಾ?”

ಟೀಚರ್ ಅವಳನ್ನು ಮೇಲಿಂದ ಕೆಳಗೆ ನೋಡಿದರು. ಮೊಣಕಾಲಿಗೆಲ್ಲ ಧೂಳು ಮೆತ್ತಿಕೊಂಡ ಈ ಸಣ್ಣ ಆಳು ಏನು ಮಾಡೀತು ಅನ್ನಿಸಿರಬೇಕು. ಆದರೂ ಹೇಳಿದರು. ಗಂಡನ ಮನೆ ಬಿಟ್ಟು ಬಂದು ಬಾಡಿಗೆಗೆ ಎರಡು ಕೋಣೆ ಹಿಡಿದಿದ್ದರು. ಮನೆಯಲ್ಲೇ ಕೂತು ಇಂಟರ್ನೆಟ್ಟಿನಲ್ಲಿ ಹೊಲಿಗೆ ಕಲಿಸುವುದು ಅವರ ಹೊಟ್ಟೆಪಾಡು. ಹೊಸ ವಿಳಾಸವನ್ನು ಒಡಹುಟ್ಟಿದವರಿಗೂ ಹೇಳಿರಲಿಲ್ಲ. ಗೊತ್ತಿದ್ದದ್ದು ಮನೆ ಮಾಲೀಕರಿಗೆ, ಮತ್ತು ಹಳೆಯ ಮನೆಯ ಕನೆಕ್ಷನ್ನನ್ನೇ ಅಲ್ಲಿಗೆ ಬದಲಾಯಿಸಿಕೊಂಡಿದ್ದರಿಂದ ಈ ಕಂಪನಿಗೆ. ಒಂದು ಬೆಳಗ್ಗೆ ಕಿಟಕಿ ತೆರೆದರೆ ಎದುರಿನ ಗೇಟಿಗೆ ಒರಗಿ ಗಂಡ ನಿಂತಿದ್ದ. ಮೂರನೆಯ ಸಲ ಬಂದಾಗ ಬೀದಿಯವರೆಲ್ಲ ಸೇರುವಂತೆ ಕೂಗಾಡಿದ. ಮನೆ ಮಾಲೀಕರು ಖಾಲಿ ಮಾಡಿ ಎಂದರು.

“ಯಾರು ಹೇಳಿದ್ರು ಅಂತ ನಿಮಗೆ ಗೊತ್ತಾಗುತ್ತಾ?” ಟೀಚರ್ ಕೇಳಿದರು.

ಗುಬ್ಬಿ ಮೊಣಕಾಲಿನ ಧೂಳು ಕೊಡವಿಕೊಂಡಳು.

“ಗೊತ್ತಾಗಲ್ಲ ಅಲ್ವಾ?” ಎಂದರು ಟೀಚರ್. ಉತ್ತರಕ್ಕೆ ಕಾಯದೆ ಮೆಟ್ಟಿಲಿಳಿದು ಹೋದರು.

ನಿಜಕ್ಕೂ ಗೊತ್ತಾಗುವಂತಿರಲಿಲ್ಲ. ಕಂಪನಿಯ ಸಾಫ್ಟ್‌ವೇರನ್ನು ಬರೆದಾಗ ಅವಸರ ಇತ್ತಂತೆ. ಕೌಂಟರು, ಬಿಲ್ಲಿಂಗು, ವೈರು ಎಳೆಯುವವರ ಮೊಬೈಲು, ಎಲ್ಲವೂ ಡೇಟಾಬೇಸಿಗೆ ಹೋಗುತ್ತಿದ್ದದ್ದು ಒಂದೇ ಲಾಗಿನ್‌ನಿಂದ. ಆ ಲಾಗಿನ್‌ಗೆ ಎಲ್ಲವನ್ನೂ ನೋಡುವ, ತಿದ್ದುವ, ಅಳಿಸುವ ಅನುಮತಿ ಇತ್ತು. ಅದರ ಪಾಸ್‌ವರ್ಡು ಸೆಕ್ಯೂರಿಟಿಯವನಿಗೂ ಬಾಯಿಪಾಠ. ಹೀಗಾಗಿ ಡೇಟಾಬೇಸಿನ ಕಣ್ಣಿಗೆ ಇಡೀ ಆಫೀಸೇ ಒಬ್ಬ ಮನುಷ್ಯ. ಆ ಒಬ್ಬ ಮನುಷ್ಯ ಟೀಚರ್ ವಿಳಾಸವನ್ನು ನೋಡಿದ್ದಾನೆ ಎಂದು ಹೇಳಬಹುದಿತ್ತೇ ಹೊರತು ಅವನು ಯಾರೆಂದು ಹೇಳುವಂತಿರಲಿಲ್ಲ. ಗುಬ್ಬಿ ಈ ಮಾತನ್ನು ಹಿಂದೆಯೂ ಎತ್ತಿದ್ದಳು. ಮ್ಯಾನೇಜರು ಪ್ರತಿ ಸಲವೂ “ಮಾಡೋಣಮ್ಮ, ಈ ಗಡಿಬಿಡಿ ಒಂದು ಮುಗೀಲಿ” ಎನ್ನುತ್ತಿದ್ದರು. ಗಡಿಬಿಡಿ ಮುಗಿದ ದಿನವೇ ಇರಲಿಲ್ಲ.

ಈ ಸಲ ಅವಳು ಕುರ್ಚಿ ಎಳೆದುಕೊಂಡು ಅವರೆದುರೇ ಕೂತಳು. ಟೀಚರ್ ವಿಷಯ ಕೇಳಿ ಮ್ಯಾನೇಜರಿಗೂ ಕಸಿವಿಸಿಯಾಯಿತು.

“ಯಾರು ಅಂತ ಹುಡುಕು. ಸಿಕ್ಕವರನ್ನ ಮನೆಗೆ ಕಳಿಸ್ತೀನಿ. ಆ ಯಮ್ಮನ ಹತ್ರ ನಾನೇ ಕ್ಷಮೆ ಕೇಳ್ತೀನಿ. ಅಲ್ಲಿಗೆ ಮುಗೀತಲ್ಲ.”

“ಮುಗಿಯಲ್ಲ ಸರ್. ಅವರು ಹೋದ್ರೂ ಬಾಗಿಲು ಹಾಗೇ ತೆರೆದಿರುತ್ತೆ. ನಾಳೆ ಇನ್ನೊಬ್ಬರು ಹೇಳ್ತಾರೆ.”

“ಮೊದಲು ಹುಡುಕು ಅಂದೆ,” ಎಂದು ಅವರು ಫೋನ್ ಎತ್ತಿಕೊಂಡರು.

ಸಂಜೆ ಮನೆಯಲ್ಲಿ ಊಟಕ್ಕೆ ಕೂತಾಗ ಗುಬ್ಬಿಗೆ ತಡೆಯಲಾಗಲಿಲ್ಲ. ಅಡುಗೆಮನೆಯ ಪುಟ್ಟ ಮೇಜಿನ ಸುತ್ತ ಮೂವರೇ: ಅಮ್ಮ, ದೊಡ್ಡಮ್ಮ, ಅವಳು. ಅಕ್ಕತಂಗಿಯರಿಬ್ಬರೂ ಉಪ್ಪು ಹೆಚ್ಚೋ ಕಡಿಮೆಯೋ ಎಂದು ದಿನವೂ ನಡೆಸುವ ವಾಗ್ವಾದವನ್ನು ಆಗಷ್ಟೇ ಶುರು ಮಾಡಿದ್ದರು. ಗುಬ್ಬಿ ಟೀಚರ್ ವಿಷಯ ಹೇಳುತ್ತ ಹೋದಂತೆ ದೊಡ್ಡಮ್ಮನ ಮಾತು ನಿಂತಿತು. ತುತ್ತು ಕಲಸಿದ ಕೈ ತಟ್ಟೆಯಲ್ಲೇ ಉಳಿಯಿತು.

“ಹೊಲಿಗೆ ಕಲಿಸೋರಾ?” ಎಂದು ಕೇಳಿದಳು.

“ಹೌದು. ಯಾಕೆ?”

ದೊಡ್ಡಮ್ಮ ಎದ್ದು ಕೈ ತೊಳೆದು ಬಂದು ಕೂತಳು. “ನಾನೇ ಕಣೆ ಹೇಳಿದ್ದು.”

ಅಮ್ಮ ಹಿಡಿದಿದ್ದ ಸೌಟು ಪಾತ್ರೆಯೊಳಗೆ ಜಾರಿತು.

“ಫೋನ್ ಬಂತು,” ಎಂದಳು ದೊಡ್ಡಮ್ಮ. “ಅವಳ ಅಣ್ಣ ಮಾತಾಡೋದು ಅಂದ. ಅಮ್ಮನ್ನ ಆಸ್ಪತ್ರೆಗೆ ಸೇರಿಸಿದೀವಿ, ಕೊನೆಗಳಿಗೆ, ತಂಗಿ ಮನೆ ಬದಲಾಯಿಸಿದಾಳೆ, ಫೋನ್ ಎತ್ತುತ್ತಾ ಇಲ್ಲ ಅಂದ. ಅಳ್ತಾ ಇದ್ದ ಗುಬ್ಬಿ. ಗಂಡಸು ಹಾಗೆ ಬಿಕ್ಕಿಬಿಕ್ಕಿ ಅತ್ತಿದ್ದು ನಾನು ಕೇಳೇ ಇರಲಿಲ್ಲ. ಗ್ರಾಹಕರ ನಂಬರು, ಅವಳ ಹುಟ್ಟಿದ ದಿನ, ಎಲ್ಲ ಸರಿಯಾಗಿ ಹೇಳಿದ. ನನ್ನ ಕಣ್ಣೆದುರಿಗೇ ವಿಳಾಸ ಇತ್ತು. ಓದಿ ಹೇಳಿದೆ. ಫೋನ್ ಇಟ್ಟ ಮೇಲೆ ಒಂದು ಒಳ್ಳೆ ಕೆಲಸ ಮಾಡಿದೆ ಅಂತ ಸಮಾಧಾನ ಆಗಿತ್ತು ನನಗೆ.”

ಅಮ್ಮ ಜಾರಿದ ಸೌಟನ್ನು ಎತ್ತಿ ಬದಿಗಿಟ್ಟಳು. ಆಮೇಲೆ ತಗ್ಗಿದ ದನಿಯಲ್ಲಿ, “ಯಾರಿಗೂ ಗೊತ್ತಾಗಲ್ಲ ಅಂತ ನೀನೇ ಹೇಳಿದೆಯಲ್ಲ ಗುಬ್ಬಿ. ಹಾಗೇ ಬಿಟ್ಟುಬಿಡು. ನಿವೃತ್ತಿಗೆ ಹತ್ತಿರ ಬಂದಿರೋಳು. ಈ ವಯಸ್ಸಲ್ಲಿ ಕೆಲಸದಿಂದ ತೆಗೆದು ಹಾಕಿದ್ರೆ ಮುಖ ಎತ್ತಿ ಓಡಾಡೋದು ಹೇಗೆ?” ಎಂದಳು.

ಗುಬ್ಬಿ ತಟ್ಟೆ ಸರಿಸಿದಳು. ಎಳವೆಯಲ್ಲಿ ಅವಳಿಗೆ ಅಕ್ಷರ ತಿದ್ದಿಸಿದವಳು, ಕಾಲೇಜಿಗೆ ಕಳಿಸಲೇಬೇಕೆಂದು ಮನೆಯವರೆದುರು ಪಟ್ಟು ಹಿಡಿದವಳು ಈ ದೊಡ್ಡಮ್ಮ. ಹೆಸರು ಹೇಳಿದರೂ ತಪ್ಪು, ನುಂಗಿಕೊಂಡರೂ ತಪ್ಪು ಅನ್ನಿಸಿ ತಲೆ ಕೆಟ್ಟಂತಾಯಿತು.

“ನೀನೇನೂ ಒದ್ದಾಡಬೇಡ,” ಎಂದಳು ದೊಡ್ಡಮ್ಮ. “ಬೆಳಗ್ಗೆ ನಾನೇ ಹೋಗಿ ಹೇಳ್ತೀನಿ. ನಿನ್ನ ಕೆಲಸ ನೀನು ಮಾಡು.”

ಬೆಳಗ್ಗೆ ಹೇಳಿಯೂ ಬಿಟ್ಟಳು. ಮ್ಯಾನೇಜರಿಗೆ ಇದು ಬಿಸಿ ತುಪ್ಪವಾಯಿತು. ಆಫೀಸಿನ ಅರ್ಧ ಜನಕ್ಕೆ ಕೆಲಸ ಕಲಿಸಿದವಳನ್ನು ಹೊರಗೆ ಹಾಕುವುದು ಹೇಗೆ? ಕೊನೆಗೆ, ಕೌಂಟರ್ ಬಿಟ್ಟು ಹಿಂದಿನ ಕೋಣೆಯಲ್ಲಿ ಮೋಡೆಮ್‌ಗಳನ್ನು ಪೆಟ್ಟಿಗೆಗೆ ತುಂಬುವ ಕೆಲಸಕ್ಕೆ ಹೋಗಬೇಕೆಂದು ಹೇಳಿದರು. ದೊಡ್ಡಮ್ಮ ತನ್ನ ಕನ್ನಡಕ, ನೀರಿನ ಬಾಟಲಿ, ಕುರ್ಚಿಯ ಮೇಲಿನ ದಿಂಬು ಎತ್ತಿಕೊಂಡು ಹಿಂದಿನ ಕೋಣೆಗೆ ಹೋದಳು.

“ಆಯ್ತಲ್ಲಮ್ಮ, ಯಾರು ಅಂತ ಗೊತ್ತಾಯ್ತು. ಇನ್ನು ಆ ಪರ್ಮಿಷನ್ನು ಗಿರ್ಮಿಷನ್ನು ಬಿಡು,” ಎಂದರು ಮ್ಯಾನೇಜರು.

“ಬಿಡಲ್ಲ ಸರ್,” ಎಂದಳು ಗುಬ್ಬಿ. “ಈ ಆಫೀಸಲ್ಲಿ ಎಲ್ಲರಿಗಿಂತ ಹುಷಾರಾಗಿದ್ದೋರು ದೊಡ್ಡಮ್ಮ. ಅವರ ಕೈಯಿಂದಲೇ ಹೀಗಾಯ್ತು ಅಂದ್ರೆ ಯಾರ ಕೈಯಿಂದ ಆಗಲ್ಲ?”

“ನಿನ್ನ ದೊಡ್ಡಮ್ಮ ಅಂತ ಹೀಗೆ ಹೇಳ್ತಿದೀಯ.”

ಆ ಮಾತು ಗುಬ್ಬಿಯನ್ನು ಚುಚ್ಚಿತು. “ಅವರಿಗೆ ಏನು ಶಿಕ್ಷೆ ಬೇಕಾದ್ರೂ ಕೊಡಿ, ನಾನು ಕೇಳೋಕೆ ಬರಲ್ಲ. ಆದ್ರೆ ಒಂದು ಸಲ ಕೌಂಟರ್ ಹತ್ರ ಬನ್ನಿ.”

ಗೊಣಗುತ್ತಲೇ ಬಂದರು. ಗುಬ್ಬಿ ಮೀಸೆಗೆ ಮ್ಯಾನೇಜರ ಮನೆಯ ಖಾತೆ ತೆರೆಯಲು ಹೇಳಿದಳು. ಅವನು ಮ್ಯಾನೇಜರ ಮುಖ ನೋಡಿದ, ಗುಬ್ಬಿಯ ಮುಖ ನೋಡಿದ, ಅಳುಕುತ್ತ ತೆರೆದ. ಮನೆಯ ನಂಬರು, ಬೀದಿ, ಎಷ್ಟನೇ ಮಹಡಿ, ಹೆಂಡತಿಯ ಫೋನ್ ನಂಬರು ಎಲ್ಲ ಪರದೆಯ ಮೇಲೆ ಬಂದವು. ಕೆಳಗೆ, ಯಾವಾಗಲೋ ರಿಪೇರಿಗೆ ಹೋದವನೊಬ್ಬ ಮುಂದೆ ಹೋಗುವವರ ಅನುಕೂಲಕ್ಕೆಂದು ಬರೆದಿಟ್ಟ ಟಿಪ್ಪಣಿ: ಮಧ್ಯಾಹ್ನದ ಮೇಲೆ ಬನ್ನಿ, ಶಾಲೆಯಿಂದ ಬಂದ ಮಗಳು ಸಂಜೆವರೆಗೆ ಒಬ್ಬಳೇ ಇರುತ್ತಾಳೆ, ಬಾಗಿಲು ತೆಗೆಯುತ್ತಾಳೆ.

ಮ್ಯಾನೇಜರು ಆ ಸಾಲನ್ನು ಎರಡು ಸಲ ಓದಿದರು.

“ಇದು ಎಷ್ಟು ಜನಕ್ಕೆ ಕಾಣುತ್ತೆ?”

“ಎಲ್ಲರಿಗೂ ಸರ್.”

ಅವರು ತಮ್ಮ ಕೋಣೆಯ ಬಾಗಿಲವರೆಗೆ ಹೋಗಿ ತಿರುಗಿದರು. “ಮಾಡು. ಆದ್ರೆ ಕೌಂಟರ್ ಒಂದು ಗಳಿಗೆ ನಿಂತ್ರೂ ಎಲ್ಲ ಮೊದಲಿನ ಹಾಗೇ ಆಗಬೇಕು. ಆಮೇಲೆ ನನ್ನ ತಲೆ ತಿನ್ನಬಾರದು.”

ಕೆಲಸ ಶುರುವಾಯಿತು. ಜೊತೆಗಿದ್ದವನು ಪ್ರೋಗ್ರಾಮರ್; ಎತ್ತರಕ್ಕೆ ತಕ್ಕಂತೆ ಅವನಿಗೆ ಕಂಬ ಎಂದು ಹೆಸರು. ಅವನು ಹೇಳಿದ್ದು, ಎಲ್ಲರಿಗೂ ಈಗಿರುವುದನ್ನು ಕೊಟ್ಟು ಬೇಡದ್ದನ್ನು ಒಂದೊಂದಾಗಿ ಕಿತ್ತುಕೊಳ್ಳೋಣ ಎಂದು. ಗುಬ್ಬಿ ಒಪ್ಪಲಿಲ್ಲ. “ಉಲ್ಟಾ ಮಾಡೋಣ. ಮೊದಲು ಯಾರಿಗೂ ಏನೂ ಇಲ್ಲ. ಯಾಕೆ ಬೇಕು ಅಂತ ಹೇಳಿದ್ರೆ ಮಾತ್ರ, ಹೇಳಿದ್ದಷ್ಟು ಮಾತ್ರ.”

“ಜನ ನಮ್ಮನ್ನ ಹಿಡ್ಕೊಂಡು ಹೊಡೀತಾರೆ.”

“ನೀನು ಉದ್ದ ಇದೀಯ, ಮುಂದೆ ನಿಂತ್ಕೋ.”

ಅವಳು ಪ್ರತಿ ಮೇಜಿಗೂ ಹೋಗಿ ಪಕ್ಕದಲ್ಲಿ ಕೂತು ಕೇಳಿದಳು: ನೀವು ಏನು ಮಾಡ್ತೀರಿ, ಅದಕ್ಕೆ ಏನು ಕಾಣಬೇಕು? ಎಲ್ಲರ ಉತ್ತರವೂ ಒಂದೇ, ಎಲ್ಲ ಬೇಕು. ಬಿಲ್ಲಿಂಗಿನವಳಿಗೆ ಗ್ರಾಹಕರ ಹುಟ್ಟಿದ ದಿನ ಯಾಕೆ ಬೇಕೆಂದು ಕೇಳಿದರೆ, “ಇದ್ದಿದ್ದು ಇರ್ಲಿ ಬಿಡಿ, ಅದೇನು ಅನ್ನ ನೀರು ಕೇಳುತ್ತಾ” ಎಂದಳು. ಮೀಸೆಗೆ ಹಟವೇ ಬಂದಿತ್ತು. ವಿಳಾಸ ಕಾಣದಿದ್ದರೆ ಗ್ರಾಹಕರ ಜೊತೆ ಮಾತಾಡುವುದು ಹೇಗೆ ಎಂದು ವಾದಿಸಿದ. ಗುಬ್ಬಿ ಅವನ ಪಕ್ಕದಲ್ಲಿ ಬೆಳಗ್ಗೆಯಿಂದ ಸಂಜೆಯವರೆಗೆ ಕೂತು ಅವನು ಎತ್ತಿದ ಫೋನುಗಳನ್ನೆಲ್ಲ ಕೇಳಿಸಿಕೊಂಡಳು. ವಿಳಾಸ ಓದಿ ಹೇಳಬೇಕಾದ ಕರೆ ಒಂದೂ ಇರಲಿಲ್ಲ. ಗ್ರಾಹಕರು ತಾವೇ ಹೇಳಿದ್ದು ಸರಿಯೋ ತಪ್ಪೋ ಎಂದು ತಿಳಿದರೆ ಸಾಕಿತ್ತು.

“ಹಾಗಾದ್ರೆ ಅವರು ಹೇಳಿದ್ದನ್ನ ನೀನು ಟೈಪ್ ಮಾಡು. ಸರಿ ಇದ್ರೆ ಸರಿ ಅನ್ನುತ್ತೆ, ತಪ್ಪಿದ್ರೆ ತಪ್ಪು ಅನ್ನುತ್ತೆ. ಸುಮ್ನೆ ಊಹೆ ಮೇಲೆ ಊಹೆ ಹೊಡೀತಾ ಹೋದ್ರೆ ಖಾತೆ ಮುಚ್ಚಿಕೊಳ್ಳುತ್ತೆ. ಸಾಕಲ್ವಾ?”

ಮೀಸೆ ಯೋಚಿಸಿದ. “ಸಾಕು. ಆದ್ರೆ ನನಗೆ ಅವಮಾನ ಆಗುತ್ತೆ.”

“ಯಾಕೆ?”

“ನನ್ನನ್ನ ನಂಬ್ತಿಲ್ಲ ಅಂತ ಆಯ್ತಲ್ಲ.”

ಗುಬ್ಬಿ ತನ್ನ ಕುರ್ಚಿಯನ್ನು ಅವನ ಕಡೆ ತಿರುಗಿಸಿದಳು. ಆಮೇಲೆ ಹೇಳಿದಳು: “ನಾನು ನನ್ನ ಅನುಮತಿಯನ್ನೂ ತೆಗೆದುಹಾಕ್ತಿದೀನಿ. ಡೇಟಾಬೇಸ್ ರಿಪೇರಿ ಮಾಡೋಕೆ ನನಗೆ ವಿಳಾಸ ಓದೋದು ಬೇಕಾಗಿಲ್ಲ. ಕಾಣದೇ ಇದ್ರೆ ಯಾರು ಅತ್ತರೂ ಹೇಳೋಕಾಗಲ್ಲ. ಮನೆಗೆ ಹೋಗಿ ನೆಮ್ಮದಿಯಾಗಿ ಮಲಗಬಹುದು.” ಮೀಸೆ ದೊಡ್ಡಮ್ಮನ ಖಾಲಿ ಕುರ್ಚಿಯ ಕಡೆ ಒಮ್ಮೆ ನೋಡಿ ಮುಂದಿನ ಫೋನ್ ಎತ್ತಿದ.

ಹೊಸ ಲಾಗಿನ್‌ಗಳು ಚಾಲೂ ಆದ ದಿನ ಆಫೀಸು ಉಸಿರು ಬಿಗಿಹಿಡಿದು ಕೂತಿತ್ತು. ಕೌಂಟರಿನವರ ಪರದೆಯಲ್ಲಿ ವಿಳಾಸದ ಜಾಗದಲ್ಲಿ ಇದ್ದದ್ದೆಲ್ಲ ಚುಕ್ಕಿಗಳಾದವು. ಫೋನುಗಳು ಬಂದವು, ಹೋದವು. ಕಂಬ ಇನ್ನೇನು ಚಹಾ ತರಿಸಬೇಕು, ಅಷ್ಟರಲ್ಲಿ ಬಿಲ್ಲು ಅಚ್ಚು ಹಾಕುವ ಕೋಣೆಯಿಂದ ಕೂಗು ಕೇಳಿಸಿತು. ಲಕೋಟೆಗಳೆಲ್ಲ ವಿಳಾಸವಿಲ್ಲದೆ ಖಾಲಿ ಖಾಲಿ ಹೊರಬರುತ್ತಿದ್ದವು.

ಮ್ಯಾನೇಜರು ಕೈಯಲ್ಲಿ ಖಾಲಿ ಲಕೋಟೆ ಹಿಡಿದು ಬಂದರು. “ಇದನ್ನ ಎಲ್ಲಿಗೆ ಕಳಿಸ್ಲಿ? ಗಾಳಿಗೆ ತೂರ್ಲಾ? ಹಿಂದಕ್ಕೆ ಹಾಕಿ ಎಲ್ಲ.”

“ಹಿಂದಕ್ಕೆ ಹೋಗಲ್ಲ ಸರ್,” ಎಂದಳು ಗುಬ್ಬಿ. ಕಂಬ ಅವಳನ್ನು ಬೆರಗಿನಿಂದ ನೋಡಿದ. “ಕೌಂಟರ್ ನಿಂತ್ರೆ ಅಂತ ಹೇಳಿದ್ರಿ. ಕೌಂಟರ್ ನಿಂತಿಲ್ಲ. ಬಿಲ್ಲು ಮಧ್ಯಾಹ್ನ ಹೋದ್ರೂ ಅಂಚೆಗೆ ಸಿಗುತ್ತೆ. ಊಟದ ಹೊತ್ತಿನವರೆಗೆ ಬಿಡಿ ನನ್ನನ್ನ.”

ಅವಳು ತಪ್ಪು ಎಲ್ಲಿದೆಯೆಂದು ಹುಡುಕಿದಳು. ಮೂಲೆಯ ಹಳೆಯ ಪ್ರಿಂಟರಿಗೂ ತನ್ನದೇ ಒಂದು ಲಾಗಿನ್ ಬೇಕೆಂಬುದು ಯಾರ ಗಮನಕ್ಕೂ ಬಂದಿರಲಿಲ್ಲ. ಅದು ಬಿಲ್ಲಿಂಗಿನವಳ ಲಾಗಿನ್‌ನಿಂದ ಹೋಗಿ ವಿಳಾಸ ಸಿಗದೆ ಬರಿಗೈಯಲ್ಲಿ ಬರುತ್ತಿತ್ತು. ಬಿಲ್ಲಿಂಗಿನವಳಿಗೇ ವಿಳಾಸ ನೋಡುವ ಅನುಮತಿ ಕೊಟ್ಟುಬಿಟ್ಟರೆ ಕ್ಷಣದಲ್ಲಿ ಸರಿಹೋಗುತ್ತಿತ್ತು. ಕಂಬ ಅದನ್ನೇ ಹೇಳಿದ. ಗುಬ್ಬಿ ಸೊಪ್ಪು ಹಾಕಲಿಲ್ಲ. ಪ್ರಿಂಟರಿಗೆ ಬೇರೆ ಲಾಗಿನ್ ಮಾಡಿ, ಅಂದಿನ ಬಿಲ್ಲುಗಳ ವಿಳಾಸ ಓದುವುದಕ್ಕೆ ಮಾತ್ರ ಬಿಟ್ಟಳು. ಊಟದ ಡಬ್ಬಿಗಳು ತೆರೆದುಕೊಳ್ಳುವ ಹೊತ್ತಿಗೆ ಲಕೋಟೆಗಳು ವಿಳಾಸ ಹೊತ್ತು ಹೊರಬಂದವು. ಮ್ಯಾನೇಜರು ಒಂದನ್ನು ಎತ್ತಿ ನೋಡಿ ಕೆಳಗಿಟ್ಟು ಹೋದರು.

ಅಂದು ಸಂಜೆ ದೊಡ್ಡಮ್ಮ ಮೋಡೆಮ್ ಕೋಣೆಯಿಂದ ಬಂದು ಗುಬ್ಬಿಯ ಮೇಜಿಗೆ ಒರಗಿದಳು. “ಎಲ್ಲ ಭದ್ರ ಆಯ್ತಾ?”

“ಆಯ್ತು ಅನ್ಸುತ್ತೆ.”

“ಅನ್ಸಿದ್ರೆ ಸಾಲದು. ನಾಳೆ ನಾನು ಕಳ್ಳಿ ಆಗ್ತೀನಿ. ಮ್ಯಾನೇಜರ್ ಹತ್ರ ಹೇಳಿಬಿಡು.”

ಮರುದಿನ ದೊಡ್ಡಮ್ಮ ಮೋಡೆಮ್ ಕೋಣೆಯ ಬಾಗಿಲು ಹಾಕಿಕೊಂಡು ತನ್ನ ಫೋನಿನಿಂದ ಕೌಂಟರಿಗೆ ಕರೆ ಮಾಡಿದಳು. ಹುಡುಕಬೇಕಾದ ವಿಳಾಸ ಮ್ಯಾನೇಜರದೇ. ಅವರೇ ಒಪ್ಪಿ ಕೊಟ್ಟಿದ್ದರು. ಗುಬ್ಬಿಯೂ ಕಂಬನೂ ಪಕ್ಕದಲ್ಲಿ ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದರು. ಅಜ್ಜಿಯಾಗಿ, ಸೊಸೆಯಾಗಿ, ದಾರಿ ತಪ್ಪಿದ ಪಾರ್ಸಲ್‌ನವಳಾಗಿ ದೊಡ್ಡಮ್ಮ ದನಿ ಬದಲಿಸಿದಳು. ಮೀಸೆಯಂತೂ ಕರಗಿಹೋದ. “ಅಜ್ಜಿ, ಅಳಬೇಡಿ. ಹೇಳೋಕೆ ನನಗೂ ಮನಸ್ಸಿದೆ. ಆದ್ರೆ ದೇವರಾಣೆ ನನಗೇ ಕಾಣಲ್ಲ ಅಜ್ಜಿ. ಬೇಕಾದ್ರೆ ಅವರ ಫೋನಿಗೆ ನಿಮ್ಮ ಸುದ್ದಿ ಮುಟ್ಟಿಸ್ತೀನಿ” ಎಂದು ಗದ್ಗದನಾಗಿ ಹೇಳಿದ. ಕಂಬ ನಗು ತಡೆಯಲಾರದೆ ಪೆಟ್ಟಿಗೆಗಳ ಹಿಂದೆ ಕುಸಿದ.

ದೊಡ್ಡಮ್ಮ ನಗಲಿಲ್ಲ. ಇನ್ನೊಂದು ನಂಬರು ಒತ್ತಿದಳು. ಈ ಸಲ ವೈರು ಎಳೆಯುವವನಿಗೆ. ಸದಾ ಏಣಿ ಹೊತ್ತು ತಿರುಗುವ ಅವನನ್ನು ಏಣಿ ಎಂದೇ ಕರೆಯುತ್ತಿದ್ದರು.

“ಹೆಡ್ ಆಫೀಸಿಂದ ಮಾತಾಡೋದಪ್ಪ,” ಎಂದಳು ಗತ್ತಿನಿಂದ. “ಈ ಗ್ರಾಹಕರ ನಂಬರು ಬರ್ಕೋ. ಇವರ ಮನೆಗೆ ಹೊಸ ವೈರು ಹಾಕಿದೀರೋ ಇಲ್ವೋ? ಯಾವ ಮನೆ ಅದು?”

ಏಣಿ ಮೊಬೈಲಿನಲ್ಲಿ ನೋಡಿ, ಮನೆ ನಂಬರು, ಬೀದಿ, ಮಹಡಿ ಎಲ್ಲವನ್ನೂ ನಿಧಾನವಾಗಿ, ಬರೆದುಕೊಳ್ಳಲು ಅನುಕೂಲವಾಗುವಂತೆ ಓದಿ ಹೇಳಿದ.

ಗುಬ್ಬಿಯ ಮುಖ ಸಪ್ಪಗಾಯಿತು. ವೈರು ಎಳೆಯುವವರಿಗೆ ವಿಳಾಸ ಬೇಕೇಬೇಕು ಎಂದು ಅವಳೇ ಬಿಟ್ಟಿದ್ದಳು. ಯಾವ ವಿಳಾಸ, ಎಷ್ಟು ದಿನ ಎಂದು ಯೋಚಿಸಿರಲಿಲ್ಲ. ಪೆಟ್ಟಿಗೆಯೊಂದರ ಮೇಲೆ ಕೂತುಬಿಟ್ಟಳು. “ಇಷ್ಟೆಲ್ಲ ಮಾಡಿ ಏನು ಬಂತು ದೊಡ್ಡಮ್ಮ?”

“ತೂತು ಎಲ್ಲಿದೆ ಅಂತ ಗೊತ್ತಾಯ್ತು, ಅದು ಬಂತು. ಏಳು.”

ಎದ್ದಳು. ಆ ವಾರವೆಲ್ಲ ಏಣಿ ಮತ್ತು ಅವನ ಜೊತೆಯವರೊಂದಿಗೆ ಜಗ್ಗಾಟ ನಡೆಯಿತು. ಅಂದಂದಿನ ಮನೆಗಳ ವಿಳಾಸ ಮಾತ್ರ ಕಾಣುತ್ತದೆ, ಕೆಲಸ ಮುಗಿಯಿತು ಎಂದು ಒತ್ತಿದ ಕೂಡಲೇ ಅದೂ ಮಾಯ ಎಂದರೆ ಅವರು ಸಿಡಿದೆದ್ದರು. ನಾಳೆಯ ದಾರಿ ಹೇಗೆ ಗೊತ್ತಾಗಬೇಕು, ಎಷ್ಟು ಉದ್ದದ ವೈರು ಒಯ್ಯಬೇಕು ಎಂದು ಕೇಳಿದರು. ಅದು ನ್ಯಾಯವೇ ಆಗಿತ್ತು. ಮರುದಿನದ ಮನೆಗಳಿಗೆ ಬೀದಿಯ ಹೆಸರೂ ಮಹಡಿಯೂ ಕಾಣಲಿ, ಮನೆ ನಂಬರು ಬೆಳಗ್ಗೆ ತೆರೆದುಕೊಳ್ಳಲಿ ಎಂದು ಗುಬ್ಬಿ ಬದಲಾಯಿಸಿದಳು. ಯಾರು ಯಾವ ವಿಳಾಸ ತೆರೆದರು ಎಂಬುದು ಈಗ ಅವರವರ ಹೆಸರಿನಲ್ಲೇ ದಾಖಲಾಗುತ್ತಿತ್ತು. ಮಗಳ ವಿಷಯದಂತಹ ಟಿಪ್ಪಣಿಗಳನ್ನೆಲ್ಲ ಅಳಿಸಿದರು. ಆಮೇಲೆ ಒಂದು ಬೆಳಗ್ಗೆ, ಎಲ್ಲರೂ ಕೆಲಸದಲ್ಲಿದ್ದಾಗಲೇ, ಗುಬ್ಬಿ ಆ ಹಳೆಯ ಲಾಗಿನ್ನನ್ನು ಮುಚ್ಚಿದಳು. ಏನೂ ಆಗಲಿಲ್ಲ. ಯಾವ ಪರದೆಯೂ ಕಪ್ಪಾಗಲಿಲ್ಲ. ಎಲ್ಲೋ ಏನೋ ಬೀಳಬಹುದೆಂದು ಕಿವಿ ನಿಗುರಿಸಿ ಕೂತಿದ್ದ ಕಂಬನಿಗೆ ಸ್ವಲ್ಪ ನಿರಾಸೆಯೇ ಆದಂತೆ ಕಂಡಿತು.

ದೊಡ್ಡಮ್ಮನಿಗೆ ಒಂದು ಕೆಲಸ ಬಾಕಿಯಿತ್ತು. ಟೀಚರಿಗೆ ಮುಖಾಮುಖಿ ಹೇಳಬೇಕು ಎನ್ನುತ್ತಿದ್ದಳು. ಅವರ ವಿಳಾಸ ಇವರಿಗೆ ಗೊತ್ತಿರಲಿಲ್ಲ, ಗೊತ್ತಿರಲೂಬಾರದಿತ್ತು. ಗುಬ್ಬಿ ಮ್ಯಾನೇಜರ ಒಪ್ಪಿಗೆ ಪಡೆದು, ಟೀಚರ್ ಬಿಟ್ಟುಹೋಗಿದ್ದ ಫೋನ್ ನಂಬರಿಗೆ ಕರೆ ಮಾಡಿ, ಯಾರು ಹೇಳಿದರೆಂದು ಗೊತ್ತಾಗಿದೆ, ಬಯಸಿದರೆ ಬರಬಹುದು, ಇಲ್ಲದಿದ್ದರೆ ಮತ್ತೆ ಕರೆ ಮಾಡುವುದಿಲ್ಲ ಎಂದಳು. ಆ ಕಡೆಯಿಂದ “ನೋಡ್ತೀನಿ” ಎಂದು ಫೋನ್ ಇಟ್ಟರು. ಬಹಳ ದಿನ ಸುದ್ದಿಯಿರಲಿಲ್ಲ. ಬರುವುದಿಲ್ಲವೆಂದು ಎಲ್ಲರೂ ಅಂದುಕೊಂಡ ಮೇಲೆ ಒಂದು ದಿನ ಬಂದರು.

ಮ್ಯಾನೇಜರ ಕೋಣೆಯಲ್ಲಿ ದೊಡ್ಡಮ್ಮ ಎದ್ದು ನಿಂತೇ ಹೇಳಿದಳು. ಸುತ್ತಿ ಬಳಸಲಿಲ್ಲ. “ನಿಮ್ಮ ವಿಳಾಸ ಹೇಳಿದೋಳು ನಾನಮ್ಮ. ನಿಮ್ಮ ಅಣ್ಣ ಅಂದ, ಅತ್ತ, ನಂಬಿದೆ. ನಂಬಿದ್ದು ನನ್ನ ತಪ್ಪು. ನಿಮ್ಮ ಮನೆ ಹೋಯ್ತು. ಕ್ಷಮಿಸಿ ಅಂತ ಕೇಳೋ ಮುಖವೂ ನನಗಿಲ್ಲ.”

ಟೀಚರ್ ಕೈಚೀಲವನ್ನು ಮೇಜಿನ ಮೇಲಿಟ್ಟರು.

“ಅವನು ಅಳೋದು ನನಗೆ ಚೆನ್ನಾಗಿ ಗೊತ್ತು,” ಎಂದರು. “ಮದುವೆಯಾದಾಗಿನಿಂದ ನಾನೂ ಅದನ್ನ ನಂಬ್ಕೊಂಡೇ ಬಂದಿದ್ದೆ.”

ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ. ದೊಡ್ಡಮ್ಮನೂ ಅದಕ್ಕೆ ಕಾಯಲಿಲ್ಲ. ಕುರ್ಚಿ ಮುಂದಕ್ಕೆ ಸರಿಸಿ, “ಕೂತ್ಕೊಳ್ಳಿ” ಎಂದಳು. ಟೀಚರ್ ಕೂತರು.

“ಈಗಿರೋ ಕಟ್ಟಡಕ್ಕೆ ನಿಮ್ಮ ಕಂಪನಿ ವೈರು ಬಿಟ್ರೆ ಬೇರೆ ಯಾರದ್ದೂ ಬರಲ್ಲ,” ಎಂದು ಟೀಚರ್ ಗುಬ್ಬಿಗೆ ಹೇಳಿದರು. “ಮೊಬೈಲಲ್ಲಿ ಪಾಠ ಮಾಡೋಕೆ ನೋಡಿದೆ, ಅರ್ಧಕ್ಕರ್ಧ ಕಲಿಯೋರು ಬಿಟ್ಟುಹೋದ್ರು. ಕನೆಕ್ಷನ್ ಬೇಕು. ಆದ್ರೆ ನಾನು ಕೊಡೋ ವಿಳಾಸ ಯಾರ ಯಾರ ಕಣ್ಣಿಗೆ ಬೀಳುತ್ತೆ, ಅದನ್ನ ಹೇಳಿ ಮೊದಲು.”

ಮೊದಲ ಸಲ ಮೆಟ್ಟಿಲ ಬಳಿ ಈ ಪ್ರಶ್ನೆ ಬಂದಿದ್ದರೆ ಗುಬ್ಬಿ ನೆಲ ನೋಡಬೇಕಾಗುತ್ತಿತ್ತು. ಈಗ ಹೇಳಿದಳು: “ವೈರು ಹಾಕೋಕೆ ಬರೋರಿಗೆ, ಹಿಂದಿನ ದಿನ ಬೀದಿ, ಮಹಡಿ, ಬರೋ ದಿನ ಮನೆ ನಂಬರು, ಅಷ್ಟೇ. ಬಿಲ್ಲು ಕಾಗದದಲ್ಲಿ ಬೇಡ, ಮೊಬೈಲಿಗೆ ಸಾಕು ಅಂದ್ರೆ ಪ್ರಿಂಟರಿಗೂ ಕಾಣಲ್ಲ. ಆಮೇಲೆ ಯಾರಾದ್ರೂ ತೆರೀಬೇಕು ಅಂದ್ರೆ ಮ್ಯಾನೇಜರೂ ಅವರ ಮೇಲಿನವರೂ ಇಬ್ಬರೂ ಒಪ್ಪಬೇಕು, ಆಗ ನಿಮ್ಮ ಫೋನಿಗೆ ಮೆಸೇಜ್ ಬರುತ್ತೆ.”

“ನಿಮಗೆ?”

“ನನಗೆ ಕಾಣಲ್ಲ.”

“ಇದನ್ನೆಲ್ಲ ಮಾಡಿದೋರು ನೀವೇ ಅಲ್ವಾ? ಮತ್ತೆ ಹಾಕ್ಕೊಳ್ಳೋಕೆ ಆಗಲ್ವಾ?”

ಒಳ್ಳೆಯ ಪ್ರಶ್ನೆ ಅದು. ಮ್ಯಾನೇಜರು ಕೂಡ ಗುಬ್ಬಿಯ ಕಡೆ ತಿರುಗಿದರು.

“ಹಾಕ್ಕೋಬಹುದು,” ಎಂದಳು ಗುಬ್ಬಿ. “ಆದ್ರೆ ಹಾಕ್ಕೊಂಡಿದ್ದು ದಾಖಲಾಗುತ್ತೆ, ಮ್ಯಾನೇಜರಿಗೆ ತಕ್ಷಣ ಗೊತ್ತಾಗುತ್ತೆ. ಆ ದಾಖಲೆ ಅಳಿಸೋಕೆ ನನಗೆ ಆಗಲ್ಲ. ಅದು ಬೇರೆ ಕಡೆ ಇದೆ, ಅಲ್ಲಿಗೆ ನನ್ನ ಲಾಗಿನ್ ಹೋಗಲ್ಲ. ಇದಕ್ಕಿಂತ ಹೆಚ್ಚಿಗೆ ಮಾಡಿದೀನಿ ಅಂದ್ರೆ ಸುಳ್ಳು ಹೇಳಿದ ಹಾಗಾಗುತ್ತೆ ಮೇಡಂ.”

ಟೀಚರ್ ತಲೆಯಾಡಿಸಿದರು. ಕೌಂಟರಿಗೆ ಬಂದು, ಕೀಬೋರ್ಡನ್ನು ತಮ್ಮ ಕಡೆ ತಿರುಗಿಸಿಕೊಂಡು, ಮೀಸೆಯನ್ನು ಆಚೆ ನೋಡಲು ಹೇಳಿ ತಾವೇ ವಿಳಾಸ ಟೈಪ್ ಮಾಡಿದರು. ಆಮೇಲೆ ಈ ಕಡೆ ಬಂದು ಅವನ ಹೆಗಲ ಹಿಂದೆ ನಿಂತು ಪರದೆ ನೋಡಿದರು. ಅಲ್ಲಿ ಬರೀ ಚುಕ್ಕಿಗಳಿದ್ದವು.

“ಸರಿ,” ಎಂದರು. “ಯಾವಾಗ ಬರ್ತಾರೆ?”

ಏಣಿ ಮರುದಿನವೇ ಹೋಗಿ ವೈರು ಹಾಕಿ ಬಂದ. ಟೀಚರ ಪಾಠಗಳು ಮತ್ತೆ ಶುರುವಾದವು. ಬಿಟ್ಟುಹೋದವರೆಲ್ಲ ಮರಳಲಿಲ್ಲ, ಕೆಲವರು ಮರಳಿದರು. ಮ್ಯಾನೇಜರು ದೊಡ್ಡಮ್ಮನನ್ನು ಕೌಂಟರಿಗೆ ಕರೆಸಿಕೊಂಡದ್ದು ಇನ್ನೂ ಸ್ವಲ್ಪ ಕಾಲದ ಮೇಲೆ. ಆಕೆ ದಿಂಬು ಹಿಡಿದು ಬಂದು, ತನ್ನ ಕುರ್ಚಿಯ ಎತ್ತರವನ್ನು ಯಾರು ಬದಲಾಯಿಸಿದ್ದೆಂದು ಎಲ್ಲರನ್ನೂ ತರಾಟೆಗೆ ತೆಗೆದುಕೊಂಡು ಕೂತಳು.

ಒಂದು ಮಧ್ಯಾಹ್ನ ಆ ಕರೆ ಬಂತು. ಗುಬ್ಬಿ ಹತ್ತಿರದಲ್ಲೇ ಇದ್ದಳು. ದೊಡ್ಡಮ್ಮನ ಬೆನ್ನು ಸೆಟೆದದ್ದು ನೋಡಿ, ಟೀಚರ ಗಂಡನೆಂದು ತಿಳಿಯಿತು. ಈ ಸಲ ಅವನು ಚಿಕ್ಕಪ್ಪನಾಗಿದ್ದನಂತೆ. ಅಳು ಮಾತ್ರ ಅದೇ.

“ವಿಳಾಸ ನಮಗೆ ಕಾಣಲ್ಲ,” ಎಂದಳು ದೊಡ್ಡಮ್ಮ ಸಮ ದನಿಯಲ್ಲಿ. ಅವನು ಇನ್ನಷ್ಟು ಅತ್ತ. ಆಕೆ ಪೂರ್ತಿ ಕೇಳಿಸಿಕೊಂಡು ಮತ್ತೆ ಅದನ್ನೇ ಹೇಳಿದಳು. ಅಳು ನಿಂತು ಬೈಗುಳ ಶುರುವಾಯಿತು. “ಈ ಕರೆ ಬಂದಿದ್ದು ಬರೆದಿಟ್ಟಿದೀವಿ. ಇಡ್ತೀನಿ,” ಎಂದು ಇಟ್ಟಳು.

ಗುಬ್ಬಿ ಟೀಚರಿಗೆ ತಿಳಿಸಲು ತನ್ನ ಮೇಜಿಗೆ ಹೋದಳು. ದೊಡ್ಡಮ್ಮ ಕನ್ನಡಕ ತೆಗೆದು ಒರೆಸಿದಳು, ಎರಡು ಗುಟುಕು ನೀರು ಕುಡಿದಳು, ಆಗಲೇ ರಿಂಗಾಗುತ್ತಿದ್ದ ಫೋನ್ ಎತ್ತಿ, “ಹೇಳಿ, ಏನು ತೊಂದ್ರೆ?” ಎಂದಳು.